ಜೋಳದ ಬ್ರೆಡ್, ಗಿರಣಿಯ ತಲೆನೋವು

‘ಗ್ಲುಟೆನ್ ಫ್ರೀ’ ಅಂತ ಬರೆದ ಪೊಟ್ಟಣಕ್ಕೆ ಸೂಪರ್ ಮಾರ್ಕೆಟ್‌ನಲ್ಲಿ ಸುರಿಯೋಷ್ಟು ದುಡ್ಡು ಬೇಕು. ರೋಣ, ನರಗುಂದದ ಎರಿ ಹೊಲದಲ್ಲಿ ಅದೇ ಹಿಂಗಾರಿ ಜೋಳವಾಗಿ ಬೆಳೆಯುತ್ತೆ. ‘ರೊಟ್ಟಿ ಇರೋ ಊರಾಗ ಬ್ರೆಡ್ ಯಾಕ ಬೇಕವಾ?’ ಅಂತಾರೆ ಗಜೇಂದ್ರಗಡದ ನಮ್ಮ ಅತ್ತಿ. ಮಾತು ಖರೇನೇ. ಆದ್ರೆ ಸೀಲಿಯಾಕ್ ಇರೋ ನನ್ನ ಮಗನಿಗೆ ಏಳು ವರ್ಷ. ಎಲ್ಲರ ಡಬ್ಬಿಯಲ್ಲಿರೋ ಸ್ಯಾಂಡ್‌ವಿಚ್ ತನ್ನ ಡಬ್ಬಿಯಲ್ಲೂ ಇರಬೇಕು ಅನ್ನೋ ಆಸೆ ಆ ವಯಸ್ಸಿಗೆ ಸಣ್ಣದಲ್ಲ.

ಈ ಕಾಯಿಲೆ ಇದ್ದವರಿಗೆ ಗೋಧಿ, ಬಾರ್ಲಿ, ರೈಯಲ್ಲಿರೋ ಗ್ಲುಟೆನ್ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತೆ. ಜೀವನಪೂರ್ತಿ ಪಥ್ಯವೇ ಔಷಧಿ. ‘ಒಂದ್ ಚಮಚ ಹುಗ್ಗಿ ತಿಂದ್ರ ಏನಾಕ್ಕೈತಿ’ ಅನ್ನೋ ಬೀಗರಿಗೆ ಹೇಳಿ ಹೇಳಿ ಸಾಕಾಗಿದೆ. ಜವೆ ಗೋಧಿ ಹಳೇ ತಳಿ, ನಡೆಯುತ್ತೆ ಅನ್ನೋರೂ ಇದ್ದಾರೆ. ಅದೂ ಗೋಧಿಯೇ, ನಡೆಯಲ್ಲ. ಅಂಗಡಿಯ ಎಷ್ಟೋ ಇಂಗಿನ ಡಬ್ಬಿಯಲ್ಲೂ ಗೋಧಿ ಹಿಟ್ಟು ಇರುತ್ತೆ, ಓದಿ ನೋಡಿ. ಮಗುವಿನ ಬಗ್ಗೆ ಅನುಮಾನವಿದ್ದರೆ ಗೋಧಿ ಬಿಡಿಸೋ ಮೊದಲೇ ರಕ್ತ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ನಿಜವಾದ ತಲೆನೋವು ಗಿರಣಿ. ನಮಗಿಂತ ಮೊದಲು ಯಾರೋ ಗೋಧಿ ಬೀಸಿಸಿಕೊಂಡು ಹೋಗಿರ್ತಾರೆ. ಕಲ್ಲಿನಲ್ಲಿ ಉಳಿದ ಹಿಟ್ಟು ನಮ್ಮ ಜೋಳದಲ್ಲಿ ಬರುತ್ತೆ. ಗಿರಣಿ ಅಣ್ಣಾರು ಒಳ್ಳೆಯವರೇ, ಆದ್ರೆ ನಮ್ಮ ಎರಡು ಸೇರಿಗೋಸ್ಕರ ಕಲ್ಲು ಬಿಚ್ಚೋಕಾಗುತ್ತಾ? ಮನೆಗೇ ಒಂದು ಸಣ್ಣ ಗಿರಣಿ ತಂದೆವು. ಜೋಳ, ಅಕ್ಕಿ ಬಿಟ್ಟು ಅದರಲ್ಲಿ ಬೇರೇನೂ ಹಾಕಲ್ಲ. ನನ್ನ ಕೇಳಿದ್ರೆ ಬ್ರೆಡ್ ಮಶೀನಿಗಿಂತ ಮೊದಲು ಇದನ್ನೇ ಕೊಳ್ಳಿ. ಯಾರೋ ಮೈದಾ ಬ್ರೆಡ್ ಮಾಡಿದ ಹಳೇ ಮಶೀನಂತೂ ಬೇಡವೇ ಬೇಡ.

ಇನ್ನು ಬ್ರೆಡ್. ಗೋಧಿ ಹಿಟ್ಟಿನಂತೆ ಎಳೆದರೆ ಬರೋ ಗುಣ ಜೋಳಕ್ಕಿಲ್ಲ. ಅದಕ್ಕೇ ರೊಟ್ಟಿಗೆ ಎಸರು ಹಾಕಿ ನಾದೋದು. ಕುದಿಯೋ ನೀರಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತೆ. ಬ್ರೆಡ್ಡಿಗೆ ಅಷ್ಟು ಸಾಲದು, ಒಳಗಿನ ಗಾಳಿಯನ್ನೂ ಹಿಡಿದಿಡಬೇಕು. ಆ ಕೆಲಸ ಇಸಬಗೋಲಿನದು. 20 ಗ್ರಾಂ ಇಸಬಗೋಲನ್ನು 400 ಎಂಎಲ್ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ ಮಶೀನಿಗೆ ಹಾಕಿ. ಮೇಲೆ 200 ಗ್ರಾಂ ಜೋಳದ ಹಿಟ್ಟು, 150 ಗ್ರಾಂ ಅಕ್ಕಿ ಹಿಟ್ಟು, ಎರಡು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ಸಕ್ಕರೆ, ಸಣ್ಣ ಚಮಚದಲ್ಲಿ ಒಂದು ಉಪ್ಪು, ಒಂದೂವರೆ ಯೀಸ್ಟ್. ಗ್ಲುಟೆನ್ ಫ್ರೀ ಪ್ರೋಗ್ರಾಮೇ ಒತ್ತಿ, ಅದು ಒಂದೇ ಸಲ ಉಬ್ಬಿಸುತ್ತೆ. ಮಾಮೂಲಿ ಪ್ರೋಗ್ರಾಮಿನಲ್ಲಿ ಉಬ್ಬಿದ್ದನ್ನು ಮತ್ತೆ ಕುಟ್ಟಿ ಇಳಿಸುತ್ತೆ. ಜೋಳದ ಹಿಟ್ಟು ಒಮ್ಮೆ ಇಳಿದರೆ ಮತ್ತೆ ಸರಿಯಾಗಿ ಏಳಲ್ಲ. ಕಲಸುವಾಗ ಮೂಲೆಯ ಒಣ ಹಿಟ್ಟನ್ನು ಸೌಟಿನಿಂದ ಒಳಗೆ ದೂಡಿ. ನಡುವೆ ಕರೆಂಟ್ ಹೋದ್ರೆ ಇಡ್ಲಿ ತಟ್ಟೆಗೆ ಹಾಕಿ ಹಬೆಯಲ್ಲಿ ಬೇಯಿಸೋದು, ಇನ್ನೇನು ಮಾಡೋದು!

ಪೂರ್ತಿ ಆರೋ ತನಕ, ಅಂದ್ರೆ ಎರಡು ತಾಸಾದ್ರೂ, ಚಾಕು ಹಚ್ಚಬೇಡಿ, ಒಳಗೆ ಅಂಟಂಟಾಗುತ್ತೆ. ಮಾರನೇ ದಿನ ಗಟ್ಟಿಯಾಗೋದು ಇದರ ಗುಣ. ಆಗ ಹಂಚಿನ ಮೇಲೆ ತುಪ್ಪ ಹಾಕಿ ಎರಡೂ ಬದಿ ಕಾಯಿಸಿ, ಶೇಂಗಾ ಚಟ್ನಿ ಹಚ್ಚಿ ಕೊಡಿ.