ಡಿಲೀಟ್ ಮಾಡಿದ್ದು ಎಲ್ಲಿಗೆ ಹೋಯ್ತು?

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ಹುಣಸೂರು ತಾಲ್ಲೂಕಿನ ಹನಗೋಡು. ಹಬ್ಬಕ್ಕೆ ಮನೆ ಕ್ಲೀನ್ ಮಾಡಿದ್ದ ಅವ್ವ ಜಗುಲಿ ಮೇಲೆ ಗುಜರಿ ಸಾಮಾನು ಗುಡ್ಡೆ ಹಾಕಿತ್ತು. ಒಡೆದ ಪ್ಲಾಸ್ಟಿಕ್ ಬಿಂದಿಗೆ, ತೂತು ಬಿದ್ದ ಡ್ರಿಪ್ ಪೈಪು, ನಮ್ಮ ಹಳೇ ನೋಟ್ಸು, ಕಿವಿ ಮುರಿದ ಅಲ್ಯೂಮಿನಿಯಂ ಬೋಸಿ. ಎಲ್ಲದರ ಮೇಲೆ ನನ್ನ ಕಾಲೇಜು ದಿನಗಳ ಲ್ಯಾಪ್‌ಟಾಪ್.

“ಗುಜ್ರಿಯವನಿಗೆ ಹೇಳಿವ್ನಿ ಕಣ್ ಮಗ, ಮಧ್ಯಾಹ್ನಕ್ಕೆ ಬತ್ತನೆ. ಅದ್ನೂ ಕೊಟ್ಬುಡ್ಲಾ? ಸುಮ್ನೆ ಜಾಗ ಹಿಡ್ಕಂಡದೆ.”

“ಕೊಡವ್ವ, ಅದ್ರಲ್ಲೇನೂ ಇಲ್ಲ. ಎಲ್ಲಾ ಆಗ್ಲೇ ಡಿಲೀಟ್ ಮಾಡಿದೀನಿ” ಅಂದೆ.

ಹೇಳಿದ ಮೇಲೆ ಯಾಕೋ ಮನಸ್ಸು ತಡೀಲಿಲ್ಲ. ಬೀರು ಹುಡುಕಿದರೆ ಚಾರ್ಜರ್ ಸಿಕ್ಕಿತು. ಬ್ಯಾಟರಿ ಸತ್ತಿದ್ದರೂ ವೈರು ಚುಚ್ಚಿದ ಮೇಲೆ ಐದು ನಿಮಿಷ ಗೊರಗೊರ ಅಂದು ಆನ್ ಆಯ್ತು. ಡೆಸ್ಕ್‌ಟಾಪ್ ಖಾಲಿ. ಮೂಲೆಯಲ್ಲಿ ರೀಸೈಕಲ್ ಬಿನ್ ಮಾತ್ರ ಕಾಗದ ತುಂಬಿಕೊಂಡು ಕೂತಿತ್ತು. ತೆರೆದೆ. ನನ್ನ ಆಧಾರ್ ಸ್ಕ್ಯಾನ್, ಅಪ್ಪನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಜಮೀನಿನ ಪಹಣಿ, ನನ್ನ ಮಾರ್ಕ್ಸ್ ಕಾರ್ಡು. ಇವುಗಳ ಮಧ್ಯೆ ಒಂದು ಫೋಟೊ: ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಹೆಗಲಿಗೆ ಟವಲ್ ಹಾಕಿಕೊಂಡು ನಗುತ್ತಾ ನಿಂತಿರುವ ಅಪ್ಪ.

ಅಪ್ಪ ತೀರಿಕೊಂಡು ಮೂರು ವರ್ಷ. ನಗುತ್ತಿರುವ ಫೋಟೊ ಒಂದೂ ಇಲ್ಲ ಅಂತ ತಿಥಿ ದಿನ ಪಾಸ್‌ಪೋರ್ಟ್ ಸೈಜಿನದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದೆವು. ಹಾರ್ಡ್ ಡಿಸ್ಕ್ ತುಂಬಿತು ಅಂತ ಯಾವತ್ತೋ ಅವಸರದಲ್ಲಿ ನಾನೇ ಅಳಿಸಿದ್ದ ಫೋಟೊ ಅದು. ಇನ್ನೆರಡು ಗಂಟೆ ತಡವಾಗಿದ್ದರೆ ತಕ್ಕಡಿ ಹತ್ತಿ ಹೋಗಿಬಿಡುತ್ತಿತ್ತು, ನಮ್ಮ ಪಹಣಿ ಪಾಸ್‌ಬುಕ್ಕಿನ ಸಮೇತ.

ಅದಕ್ಕೇ ಈ ಸಲದ ಅಂಕಣ ಪೂರ್ತಿ ‘ಬುಟ್ಟಿ’ಯ ಬಗ್ಗೆ. ಕಂಪ್ಯೂಟರಿನ ಬುಟ್ಟಿ, ಮನೆಯ ಬುಟ್ಟಿ ಎರಡೂ. ಈ ವಿಷಯದಲ್ಲಿ ಸ್ನೇಹಿತರು, ಆಫೀಸಿನವರು, ನಮ್ಮವ್ವ ಎಲ್ಲರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ರೀಸೈಕಲ್ ಬಿನ್‌ಗೆ ಹಾಕಿದ್ದು ಅಳಿಸಿಹೋಗಿರುತ್ತಾ?

ಇಲ್ಲ. ಹೆಸರು ರೀಸೈಕಲ್ ಅಂತಿದ್ದರೂ ಅಲ್ಲಿ ಯಾವುದರ ಮರುಬಳಕೆಯೂ ನಡೆಯಲ್ಲ. ಅದು ಬರೀ ಕಾಯುವ ಜಾಗ. 1984ರ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲೇ ಕಸದ ಬುಟ್ಟಿಯ ಚಿತ್ರ ಇತ್ತು. ರೀಸೈಕಲ್ ಬಿನ್ ಅನ್ನೋ ಹೆಸರಿನಲ್ಲಿ ಅದು ನಮ್ಮೆಲ್ಲರ ಮನೆಗೆ ಬಂದದ್ದು 1995ರ ವಿಂಡೋಸ್ 95ರ ಜೊತೆ. ಮನುಷ್ಯ ಅವಸರದಲ್ಲಿ ತಪ್ಪು ಮಾಡ್ತಾನೆ, ಆಮೇಲೆ ಹುಡುಕ್ತಾನೆ ಅಂತ ಗೊತ್ತಿದ್ದವರು ಮಾಡಿದ ವ್ಯವಸ್ಥೆ. ಫೈಲು ಅಲ್ಲಿರುವಷ್ಟು ದಿನ ಡಿಸ್ಕಿನ ಜಾಗವೂ ಖಾಲಿಯಾಗಲ್ಲ. ‘ರಿಸ್ಟೋರ್’ ಒತ್ತಿದರೆ ಇದ್ದ ಜಾಗಕ್ಕೇ ವಾಪಸ್ ಬರುತ್ತೆ.

ಎರಡು ವಿಷಯ ನೆನಪಿರಲಿ. ಶಿಫ್ಟ್ ಒತ್ತಿಕೊಂಡು ಡಿಲೀಟ್ ಮಾಡಿದರೆ ಫೈಲು ಬಿನ್‌ಗೆ ಹೋಗಲ್ಲ, ನೇರ ಮಾಯ. ಪೆನ್ ಡ್ರೈವ್‌ನಿಂದ ಅಳಿಸಿದ್ದೂ ಸಾಮಾನ್ಯವಾಗಿ ಬಿನ್‌ಗೆ ಬರಲ್ಲ. ಮದುವೆ ಫೋಟೊ ಕಳೆದುಕೊಂಡವರಲ್ಲಿ ಬಹಳ ಜನ ಪೆನ್ ಡ್ರೈವ್ ನಂಬಿದವರೇ.

ಬಿನ್ ಖಾಲಿ ಮಾಡಿದರೆ ಮುಗೀತಾ?

ಅದೂ ಪೂರ್ತಿ ಅಲ್ಲ. ಪುಸ್ತಕದ ಪರಿವಿಡಿಯಿಂದ ಒಂದು ಪಾಠದ ಹೆಸರು ಅಳಿಸಿ, ಪುಟಗಳನ್ನು ಹಾಗೇ ಬಿಟ್ಟ ಹಾಗೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ಆ ಜಾಗದ ಮೇಲೆ ಬೇರೆ ಫೈಲು ಬಂದು ಕೂರುವವರೆಗೂ ಹಳೆಯದನ್ನು ಸಾಫ್ಟ್‌ವೇರ್ ಹಾಕಿ ಎತ್ತಬಹುದು. ಆದ್ದರಿಂದ ತಪ್ಪಿ ಖಾಲಿ ಮಾಡಿದ್ದರೆ ತಕ್ಷಣ ಆ ಕಂಪ್ಯೂಟರ್ ಬಳಸೋದು ನಿಲ್ಲಿಸಿ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳಬೇಡಿ, ಕಳೆದುಹೋದ ಫೈಲಿನ ಮೇಲೆ ಅದೇ ಹೋಗಿ ಕೂತುಬಿಟ್ಟೀತು. ಈಗಿನ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಅಳಿಸಿದ ಜಾಗವನ್ನು ಅದು ತಾನಾಗೇ ಬೇಗ ಒರೆಸಿಬಿಡುತ್ತೆ, ಅಲ್ಲಿ ವಾಪಸ್ ಸಿಗುವ ಆಸೆ ಕಡಿಮೆ.

ಫೋನಿನಲ್ಲಿ ಎಷ್ಟು ದಿನ ಇರುತ್ತೆ?

ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಫೋಟೊ ಅಳಿಸಿದರೆ 60 ದಿನ, ಬ್ಯಾಕಪ್ ಆಗದಿದ್ದರೆ 30 ದಿನ. ಐಫೋನಿನಲ್ಲಿ 30 ದಿನ. ಜಿಮೇಲ್ ಮತ್ತು ಗೂಗಲ್ ಡ್ರೈವ್‌ನಲ್ಲೂ 30 ದಿನ. ವಾಟ್ಸಾಪ್ ಮೆಸೇಜಿಗೆ ಇಂಥ ಬುಟ್ಟಿಯೇ ಇಲ್ಲ. ಅಮ್ಮನ ವಾಯ್ಸ್ ಮೆಸೇಜ್, ಅಜ್ಜಿ ಹಾಡಿದ ಸೋಬಾನೆ ಪದ ಯಾವುದಾದರೂ ಅಲ್ಲಿದ್ದರೆ ಇವತ್ತೇ ಬೇರೆ ಕಡೆ ಸೇವ್ ಮಾಡಿ ಮಡಗಿ.

ಹಳೇ ಫೋನು, ಲ್ಯಾಪ್‌ಟಾಪ್ ಕೊಡೋ ಮುಂಚೆ ಏನು ಮಾಡಬೇಕು?

ಮೊದಲು ಬೇಕಾದ್ದನ್ನು ಕಾಪಿ ಮಾಡಿಕೊಳ್ಳಿ. ಫೋನಾದರೆ ಸಿಮ್, ಮೆಮೊರಿ ಕಾರ್ಡ್ ತೆಗೆದು, ಗೂಗಲ್ ಅಥವಾ ಆಪಲ್ ಅಕೌಂಟಿನಿಂದ ಸೈನ್ ಔಟ್ ಆಗಿ, ಆಮೇಲೆ ಫ್ಯಾಕ್ಟರಿ ರೀಸೆಟ್. ವಿಂಡೋಸ್ 10, 11ರಲ್ಲಿ ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ ಎಲ್ಲವನ್ನೂ ತೆಗೆಯುವ ಆಯ್ಕೆ ಒತ್ತಿ, ಅದರೊಳಗೇ ಡ್ರೈವ್ ಕ್ಲೀನ್ ಮಾಡುವ ಆಯ್ಕೆಯನ್ನೂ ಆನ್ ಮಾಡಿ. ಸ್ವಲ್ಪ ಹೊತ್ತು ಹಿಡಿಯುತ್ತೆ, ಹಿಡೀಲಿ. ಆನೇ ಆಗದ ಲ್ಯಾಪ್‌ಟಾಪ್ ಆದರೆ ರಿಪೇರಿ ಅಂಗಡಿಯಲ್ಲಿ ಹಾರ್ಡ್ ಡಿಸ್ಕ್ ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ.

ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ, ಮನೆ ಕಸದ ಜೊತೆ ಹಾಕಲೇಬೇಡಿ. ಕಸದ ಗಾಡಿಯಲ್ಲಿ ಜಜ್ಜಿಹೋದರೆ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯುತ್ತೆ. ಗಾಡಿಯಲ್ಲಿ ಇರೋದು ಪೌರಕಾರ್ಮಿಕರು.

ಗುಜರಿಯವರಿಗೇ ಕೊಟ್ರೆ ತಪ್ಪೇನು?

ಪೇಪರು, ಕಬ್ಬಿಣ, ಬಾಟಲಿ, ಗಟ್ಟಿ ಪ್ಲಾಸ್ಟಿಕ್ ಧಾರಾಳವಾಗಿ ಕೊಡಿ. ನಮ್ಮ ದೇಶದಲ್ಲಿ ಮರುಬಳಕೆ ಅಂತ ಏನಾದರೂ ನಡೆಯುತ್ತಿದ್ದರೆ ಅದಕ್ಕೆ ದೊಡ್ಡ ಕಾರಣ ಗುಜರಿಯವರು, ಚಿಂದಿ ಆಯುವವರು. ಆದರೆ ಎಲೆಕ್ಟ್ರಾನಿಕ್ ಸಾಮಾನು ಬೇರೆ ಕಥೆ. ಅದು ಕೈ ಬದಲಾಗುತ್ತಾ ಹೋಗಿ ಎಲ್ಲೋ ಒಂದು ಕಡೆ ತಾಮ್ರಕ್ಕಾಗಿ ವೈರು ಸುಡುತ್ತಾರೆ, ಲೋಹಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುತ್ತಾರೆ. ಸೀಸ, ಕ್ಯಾಡ್ಮಿಯಂ ಮಣ್ಣಿಗೂ ಅವರ ಮೈಗೂ ಇಳಿಯುತ್ತೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಇದರ ಮರುಬಳಕೆಯ ಹೊಣೆ ತಯಾರಿಸಿದ ಕಂಪನಿಗಳ ಮೇಲಿದೆ. ಕಂಪನಿಯ ಸರ್ವೀಸ್ ಸೆಂಟರಿನಲ್ಲೋ ಕಸ್ಟಮರ್ ಕೇರಿನಲ್ಲೋ ‘ಹಳೇದು ವಾಪಸ್ ತಗೊಳ್ತೀರಾ?’ ಅಂತ ಕೇಳೋದು ನಿಮ್ಮ ಹಕ್ಕು. ಅಥವಾ ನೋಂದಾಯಿತ ಮರುಬಳಕೆದಾರರಿಗೆ ಕೊಡಿ. ಹಳ್ಳಿಯಲ್ಲಿ ಇದೆಲ್ಲ ಸಿಗಲ್ಲ, ನಿಜ. ನಾನು ಮಾಡಿದ್ದು ಇಷ್ಟೇ: ಮನೆಯಲ್ಲಿದ್ದ ಸತ್ತ ಚಾರ್ಜರು, ಎರಡು ಕೀಪ್ಯಾಡ್ ಫೋನು, ರಿಮೋಟು ಎಲ್ಲಾ ಒಂದು ರಟ್ಟಿನ ಡಬ್ಬಕ್ಕೆ ಹಾಕಿ ಬೆಂಗಳೂರಿಗೆ ತಂದೆ.

ಹಾಲಿನ ಪ್ಯಾಕೆಟ್, ಚಿಪ್ಸ್ ಪ್ಯಾಕೆಟ್ ಎರಡೂ ಪ್ಲಾಸ್ಟಿಕ್ಕೇ ಅಲ್ವಾ?

ಅಲ್ಲ. ಹಾಲಿನ ಪ್ಯಾಕೆಟ್ ಒಂದೇ ಜಾತಿಯ ಪ್ಲಾಸ್ಟಿಕ್, ಚೆನ್ನಾಗಿ ಮರುಬಳಕೆ ಆಗುತ್ತೆ. ತೊಳೆದು ಒಣಗಿಸಿ ಕೊಡಿ. ಕತ್ತರಿಸುವಾಗ ಮೂಲೆಯ ತುಂಡು ಬೇರೆಯಾಗದ ಹಾಗೆ ನೋಡಿಕೊಳ್ಳಿ. ಅಷ್ಟು ಸಣ್ಣ ಚೂರನ್ನು ಯಾರೂ ಆರಿಸಿ ತೆಗೆಯಲಾರರು, ಅದು ಸೀದಾ ಚರಂಡಿಗೆ. ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಷೆಗಳಲ್ಲಿ ಬೇರೆ ಬೇರೆ ಪದರ ಅಂಟಿಸಿರುತ್ತಾರೆ, ಬಿಡಿಸೋಕಾಗಲ್ಲ. ಹೆಚ್ಚೆಂದರೆ ಸಿಮೆಂಟ್ ಫ್ಯಾಕ್ಟರಿಯ ಗೂಡಿಗೆ ಉರುವಲು. ಎಣ್ಣೆ ಕುಡಿದ ಪಿಜ್ಜಾ ಡಬ್ಬ, ಎಟಿಎಂ ಚೀಟಿಯ ನುಣುಪು ಕಾಗದ ಪೇಪರಿನ ಗುಂಪಿಗೆ ಸೇರಲ್ಲ. ಒಡೆದ ಗಾಜು, ಬ್ಲೇಡು ಇದ್ದರೆ ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ ಬರೆಯಿರಿ. ಪ್ಯಾಡ್, ಡಯಾಪರನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ಅದನ್ನು ಬರಿಗೈಯಲ್ಲಿ ಬಿಚ್ಚುವವರೂ ನಮ್ಮ ಹಾಗೆ ಊಟ ಮಾಡೋ ಕೈಯವರೇ.

ನಾವು ಬೇರೆ ಮಾಡಿಕೊಟ್ರೂ ಗಾಡಿಯವರು ಒಟ್ಟಿಗೇ ಸುರೀತಾರೆ. ಮತ್ಯಾಕೆ ಒದ್ದಾಡೋದು?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಕೆಲವು ಕಡೆ ಹಾಗೆ ಆಗುತ್ತೆ, ಸುಳ್ಳಲ್ಲ. ಹಾಗಾದಾಗ ಫೋಟೊ ತೆಗೆದು ವಾರ್ಡಿನವರಿಗೆ ದೂರು ಕೊಡಿ. ಆದರೆ ಬೆರೆಸಿ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ಮಂಡೂರು ನೆನಪಿಸಿಕೊಳ್ಳಿ. ಬೆಂಗಳೂರಿನ ಬೆರಕೆ ಕಸ ಮೊದಲು ಮಾವಳ್ಳಿಪುರಕ್ಕೆ ಹೋಗುತ್ತಿತ್ತು. 2012ರಲ್ಲಿ ಅದು ಮುಚ್ಚಿದ ಮೇಲೆ ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ಬಾವಿ ನೀರು ಕೆಟ್ಟು, ನೊಣ ನಾತ ತಡೆಯಲಾರದೆ ಊರವರು 2014ರಲ್ಲಿ ಬೀದಿಗಿಳಿದರು. ಆ ವರ್ಷದ ಕೊನೆಗೆ ಅಲ್ಲಿಗೆ ಕಸ ಒಯ್ಯುವುದು ನಿಂತಿತು. ನಗರದವರು ‘ಹೊರಗೆ’ ಎಸೆದದ್ದು ಇನ್ನೊಬ್ಬರ ಮನೆ ಮುಂದೆ ಬಿದ್ದಿತ್ತು, ಅಷ್ಟೇ.

ನಮ್ಮ ಮೈಸೂರಿನಲ್ಲಿ ಎರಡೂ ಉದಾಹರಣೆ ಸಿಗುತ್ತೆ. ವಿದ್ಯಾರಣ್ಯಪುರಂನ ಸೀವೇಜ್ ಫಾರ್ಮ್‌ನಲ್ಲಿ ವರ್ಷಗಟ್ಟಲೆ ಸುರಿದು ಗುಡ್ಡವಾದ ಕಸದ ನಾತ ಸುತ್ತಮುತ್ತಲ ಬಡಾವಣೆಯವರಿಗೆ ಚೆನ್ನಾಗಿ ಗೊತ್ತು. ಅದೇ ಊರಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಮನೆಗಳ ಕಸ ವಿಂಗಡಿಸಿ, ಹಸಿ ಕಸ ಗೊಬ್ಬರ ಮಾಡಿ, ಒಣ ಕಸ ಮಾರುತ್ತಾ ಬಂದಿದ್ದಾರೆ. 2015 ಮತ್ತು 2016ರಲ್ಲಿ ದೇಶದ ನಂಬರ್ ಒನ್ ಸ್ವಚ್ಛ ನಗರ ಅಂತ ಮೈಸೂರಿಗೆ ಹೆಸರು ಬಂತು. ಮನೆಯೊಳಗೇ ಬೇರೆ ಮಾಡಿಕೊಡುವವರು ಇಲ್ಲದೆ ಕುಂಬಾರಕೊಪ್ಪಲಿನಂಥ ಘಟಕ ನಡೆಯಲ್ಲ. ಇನ್ನೊಂದು ಮಾತು: ಮನೆ ಕಸದಲ್ಲಿ ಸುಮಾರು ಅರ್ಧ ಹಸಿ ಕಸ. ಬಾಲ್ಕನಿಯಲ್ಲಿ ತೂತಿನ ಡಬ್ಬ, ಮೇಲೆ ಒಂದಿಷ್ಟು ಒಣ ಎಲೆ ಇದ್ದರೆ ಅದು ಗಾಡಿಗೆ ಹೋಗೋದೇ ಬೇಡ.

ಹಳ್ಳಿಯಲ್ಲಿ ತಿಪ್ಪೆ ಇದೆಯಲ್ಲ, ಇದೆಲ್ಲ ಬೇಕಾ?

ನಿಜವಾದ ರೀಸೈಕಲ್ ಬಿನ್ ಅಂದ್ರೆ ತಿಪ್ಪೆಯೇ. ಸಗಣಿ, ಗಂಜಲ, ಕೊಟ್ಟಿಗೆ ಕಸ ಎಲ್ಲಾ ಕೊಳೆತು ಗೊಬ್ಬರವಾಗಿ ಹೊಲಕ್ಕೆ ಹೋಗ್ತಿತ್ತು. ಈಗ ಅದೇ ತಿಪ್ಪೆಯಲ್ಲಿ ಗುಟ್ಕಾ ಸ್ಯಾಷೆ, ಬಿಸ್ಕೆಟ್ ಕವರು. ಹೊಲ ಉತ್ತರೆ ನೇಗಿಲಿಗೆ ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತೆ. ಮೇಯೋಕೆ ಬಿಟ್ಟ ಹಸು ಅದನ್ನೇ ನುಂಗುತ್ತೆ. ನಮ್ಮವ್ವ ಹಂಡೆ ಒಲೆ ಹಚ್ಚೋಕೆ ಹಾಲಿನ ಕವರೇ ಬೇಕು ಅನ್ನುತ್ತಿತ್ತು, ಬೇಗ ಹತ್ತುತ್ತೆ ಅಂತ. ಆ ಹೊಗೆ ಮೊದಲು ಹೋಗೋದು ಅವ್ವನ ಎದೆಗೆ. ಈಗ ಹಲವು ಗ್ರಾಮ ಪಂಚಾಯ್ತಿಗಳಲ್ಲಿ ಸ್ವಚ್ಛ ಸಂಕೀರ್ಣ ಅಂತ ವಿಂಗಡಣೆ ಘಟಕ ಇದೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಸ್ವಚ್ಛ ವಾಹಿನಿ ಗಾಡಿ ಓಡಿಸುತ್ತಾರೆ. ನಿಮ್ಮೂರಿಗೆ ಗಾಡಿ ಬರುತ್ತಾ ಅಂತ ಸಲ ಕೇಳಿ. ಬರದಿದ್ದರೆ ಗ್ರಾಮಸಭೆಯಲ್ಲಿ ಕೇಳಿ.

ನಮ್ಮೂರಿನ ಪಕ್ಕದಲ್ಲೇ ಹರಿಯುವ ಲಕ್ಷ್ಮಣತೀರ್ಥ ಮುಂದೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿ ಸೇರುತ್ತೆ. ಆ ಕಾವೇರಿಯೇ ಬೆಂಗಳೂರಿನ ನನ್ನ ಬಾಡಿಗೆ ಮನೆಯ ನಲ್ಲಿಯಲ್ಲಿ ಬರೋದು. ಹನಗೋಡಿನ ಸೇತುವೆ ಮೇಲಿಂದ ಒಂದು ಕವರು ಹೊಳೆಗೆ ಎಸೆದಾಗ ನಾನು ಎಲ್ಲಿಗೆ ಎಸೆದಂಗಾಯ್ತು ಅಂತ ಈ ಸಲ ಲೆಕ್ಕ ಹಾಕಿದೆ.

ಈ ವಾರಾಂತ್ಯ ಎರಡೇ ಕೆಲಸ ಮಾಡಿ. ಫೋನಿನ, ಲ್ಯಾಪ್‌ಟಾಪಿನ ಬಿನ್ ಒಮ್ಮೆ ತೆರೆದು ನೋಡಿ, ಬೇಕಾದ್ದು ಎತ್ತಿಕೊಂಡು ಆಮೇಲೆ ಖಾಲಿ ಮಾಡಿ. ಅಡುಗೆಮನೆಯಲ್ಲಿ ಇನ್ನೊಂದು ಬುಟ್ಟಿ ಇಡಿ.

ಅವತ್ತು ಮಧ್ಯಾಹ್ನ ಗುಜರಿಯವರು ಬಂದರು. ಬಿಂದಿಗೆ, ಪೈಪು, ಬೋಸಿ, ನೋಟ್ಸು ತಕ್ಕಡಿ ಹತ್ತಿದವು. ಲ್ಯಾಪ್‌ಟಾಪ್ ಒಳಗೇ ಉಳಿಯಿತು. ಸಂಜೆ ಅಪ್ಪನ ಫೋಟೊವನ್ನು ಫೋನಿಗೆ ಹಾಕಿ ಅವ್ವನಿಗೆ ತೋರಿಸಿದೆ. ಸೆರಗಿನಲ್ಲಿ ಸ್ಕ್ರೀನ್ ಒರೆಸಿ ತುಂಬ ಹೊತ್ತು ನೋಡಿತು.

“ಇಷ್ಟ್ ವರ್ಸ ನಿಮ್ಮಪ್ಪ ಕಸದ ಬುಟ್ಟೀಲೇ ಕೂತಿದ್ರಾ? ಅಲ್ಲೂ ನಗ್ತಾನೇ ಅವ್ರೆ ನೋಡು” ಅಂತು.

ಮಾರನೇ ದಿನ ಹುಣಸೂರಿಗೆ ಹೋಗಿ ಪ್ರಿಂಟ್ ಹಾಕಿಸಿ ತಂದೆ. ಪಾಸ್‌ಪೋರ್ಟ್ ಸೈಜಿನದನ್ನು ತೆಗೆದು, ಅದೇ ಮೊಳೆಗೆ ಇದನ್ನು ತೂಗುಹಾಕಿದ್ದೇವೆ.