ಗಿಡವಿರುವ ಅಕ್ವೇರಿಯಂಗೆ ದುಬಾರಿ ಲೈಟ್ ಯಾಕೆ?

"ಗಿಡ ಬೆಳೆಸಬೇಕು ಅಂದ್ರೆ ಸ್ಪೆಷಲ್ ಲೈಟ್ ಬೇಕಪ್ಪ." ತುಮಕೂರಿನಲ್ಲಿ ಮೀನು ಮಾರುವ ಯಾವ ಅಂಗಡಿಗೆ ಹೋದರೂ ಈ ಮಾತು ಕೇಳಿಸುತ್ತದೆ. ಎರಡು ಅಡಿ ತೊಟ್ಟಿಗೆ ಹೊಂದುವ ಆ ಸ್ಪೆಷಲ್ ಲೈಟಿಗೆ ನಾನು ವಿಚಾರಿಸಿದ ಕಡೆಯಲ್ಲೆಲ್ಲ 1,200 ರೂಪಾಯಿಗಿಂತ ಕಡಿಮೆ ಹೇಳಲಿಲ್ಲ. ಬೆಲೆ ಕೇಳಿದ ಹುಡುಗರು ಪ್ಲಾಸ್ಟಿಕ್ ಗಿಡ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ನನಗೆ ಇದು ಸರಿಕಾಣುವುದಿಲ್ಲ. ನಮ್ಮ ಮನೆಯ ತೊಟ್ಟಿಯ ಮೇಲೆ ಎರಡು ವರ್ಷದಿಂದ ಇರುವುದು ಮಂಡಿಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 200 ರೂಪಾಯಿಯ ಒಳಗೆ ಸಿಕ್ಕಿದ, ಎರಡು ಅಡಿಯ, 10 ವಾಟ್‌ನ ಮಾಮೂಲಿ ಎಲ್‌ಇಡಿ ಟ್ಯೂಬ್‌ಲೈಟ್. ಅದರ ಕೆಳಗೆ ವ್ಯಾಲಿಸ್ನೇರಿಯಾ ಎಷ್ಟು ಬೆಳೆದಿದೆ ಎಂದರೆ ತಿಂಗಳಿಗೊಮ್ಮೆ ಕತ್ತರಿಸಿ ಗೆಳೆಯರಿಗೆ ಹಂಚುತ್ತೇನೆ.

ಮಾಮೂಲಿ ಬಿಳಿ ಎಲ್‌ಇಡಿ ಯಾಕೆ ಸಾಕಾಗುತ್ತದೆ ಎಂಬುದಕ್ಕೆ ಕಾರಣ ಆ ಬಲ್ಬಿನೊಳಗೇ ಇದೆ. ಬಿಳಿ ಎಲ್‌ಇಡಿಯ ಚಿಪ್ಪು ಕೊಡುವುದು ನೀಲಿ ಬೆಳಕು. ಅದರ ಮೇಲಿನ ಹಳದಿ ಲೇಪನ ಆ ನೀಲಿಯ ಒಂದು ಭಾಗವನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ಎಲ್ಲ ಸೇರಿ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಗಿಡಕ್ಕೆ ಮುಖ್ಯವಾಗಿ ಬೇಕಾದ ನೀಲಿ, ಕೆಂಪು ಎರಡೂ ನಮ್ಮ ಹಾಲ್‌ನಲ್ಲಿ ಉರಿಯುವ ಬಲ್ಬಿನಲ್ಲೇ ಇವೆ. ಡಬ್ಬದ ಮೇಲೆ 'ಪ್ಲಾಂಟ್' ಎಂದು ಬರೆದ ಮಾತ್ರಕ್ಕೆ ಬೆಳಕಿನ ಜಾತಿ ಬದಲಾಗುವುದಿಲ್ಲ.

ಬೆಲೆಯ ಕಥೆಯೂ ನಮ್ಮಂಥ ಕಾಮರ್ಸ್ ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದದ್ದು. ಉಜಾಲಾ ಯೋಜನೆಗೆ ಸರ್ಕಾರಿ ಕಂಪನಿ ಸಗಟಿನಲ್ಲಿ ಕೊಂಡ ಎಲ್‌ಇಡಿ ಬಲ್ಬಿನ ಬೆಲೆ 2014ರಲ್ಲಿ 310 ರೂಪಾಯಿ ಇತ್ತು. 2016ರ ಹೊತ್ತಿಗೆ ಅದು 38 ರೂಪಾಯಿಗೆ ಇಳಿದಿತ್ತು. ಕರ್ನಾಟಕದಲ್ಲಿ ಇದೇ ಯೋಜನೆ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. 9 ವಾಟ್‌ನ ಆ ಬಲ್ಬು ಎಷ್ಟೋ ಮನೆಗಳಲ್ಲಿ ಇನ್ನೂ ಉರಿಯುತ್ತಿದೆ. ಮನೆ ಲೈಟು ಕೋಟಿಗಟ್ಟಲೆ ಮಾರಾಟವಾಗುತ್ತದೆ, ಅದಕ್ಕೇ ಅಗ್ಗ. ಅಕ್ವೇರಿಯಂ ಲೈಟು ಕೊಳ್ಳುವವರು ಕೆಲವೇ ಜನ, ಅದಕ್ಕೇ ದುಬಾರಿ. ಇದರಲ್ಲಿ ಅಂಗಡಿಯವರ ತಪ್ಪೇನಿಲ್ಲ, ಆದರೆ ಆ ವ್ಯತ್ಯಾಸವನ್ನು ನಾವೇ ಕಟ್ಟಬೇಕೆಂಬ ನಿಯಮವೂ ಇಲ್ಲ.

ಕೊಳ್ಳುವಾಗ ವಾಟ್ ನೋಡಬೇಡಿ, ಲ್ಯೂಮೆನ್ ನೋಡಿ. ವಾಟ್ ಎಂದರೆ ಲೈಟು ತಿನ್ನುವ ಕರೆಂಟು, ಲ್ಯೂಮೆನ್ ಎಂದರೆ ಅದು ಕೊಡುವ ಬೆಳಕು. ಇಷ್ಟು ನೀರಿಗೆ ಇಷ್ಟು ವಾಟ್ ಎನ್ನುವುದು ಹಳೆಯ ಟ್ಯೂಬ್‌ಲೈಟ್ ಕಾಲದ ಲೆಕ್ಕ. ಕಡಿಮೆ ಬೆಳಕಿನಲ್ಲಿ ಬದುಕುವ ಗಿಡಗಳಿಗೆ ಒಂದು ಲೀಟರ್ ನೀರಿಗೆ 10ರಿಂದ 20 ಲ್ಯೂಮೆನ್ ಸಾಕು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಮರಳು ಬಿಟ್ಟರೆ 50 ಲೀಟರಿನಷ್ಟು ನೀರು ಇರುತ್ತದೆ. 10 ವಾಟ್‌ನ ಎಲ್‌ಇಡಿ ಪಟ್ಟಿ ಸುಮಾರು 1,000 ಲ್ಯೂಮೆನ್ ಕೊಡುತ್ತದೆ. ಲೆಕ್ಕ ಮುಗಿಯಿತು. ಡಬ್ಬದ ಮೇಲಿನ 6500 ಕೆಲ್ವಿನ್ ಎಂಬುದು ಬಣ್ಣದ ಮಾತು. ಹಳದಿ ಬೆಳಕಿನಲ್ಲೂ ಗಿಡ ಬೆಳೆಯುತ್ತದೆ, ನೋಡಲು ಬಿಳಿ ಚೆನ್ನ ಅಷ್ಟೇ. ಬಿಐಎಸ್ ಗುರುತು ಇಲ್ಲದ, ಫುಟ್‌ಪಾತಿನ ಲೈಟು ಮಾತ್ರ ಬೇಡ.

ಗುಬ್ಬಿಯಿಂದ ಬರುವ ನನ್ನ ಗೆಳೆಯನೊಬ್ಬ ಇದಕ್ಕೆ ಉಲ್ಟಾ ಮಾಡಿದ. ಜಾಸ್ತಿ ಬೆಳಕು ಕೊಟ್ಟರೆ ಜಾಸ್ತಿ ಬೆಳೆಯುತ್ತದೆ ಎಂದು ದೊಡ್ಡ ಲೈಟು ತಂದು ದಿನಕ್ಕೆ ಹನ್ನೆರಡು ಗಂಟೆ ಉರಿಸಿದ. ಒಂದು ತಿಂಗಳಲ್ಲಿ ಗಾಜೆಲ್ಲ ಹಸಿರು ಪಾಚಿ, ಎಲೆಗಳ ಮೇಲೆ ಕೂದಲಿನಂಥ ಪಾಚಿ. ಅರ್ಥಶಾಸ್ತ್ರದ ತರಗತಿಯಲ್ಲಿ ಬದಲಾಗುವ ಅನುಪಾತಗಳ ನಿಯಮ ಓದುತ್ತೇವಲ್ಲ, ಒಂದೇ ಎಕರೆ ಜಮೀನಿಗೆ ಕೂಲಿಯವರನ್ನು ಸೇರಿಸುತ್ತಾ ಹೋದರೆ ಏನಾಗುತ್ತದೆ ಅಂತ, ಇದೂ ಅದೇ. ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಷ್ಟೇ, ಗೊಬ್ಬರ ಅಷ್ಟೇ. ಬೆಳಕನ್ನು ಮಾತ್ರ ಹೆಚ್ಚಿಸಿದರೆ ಗಿಡ ಅದನ್ನು ಬಳಸಲಾರದು. ಲಾಭ ಪಾಚಿಗೆ. ಗ್ಯಾಸ್ ಸಿಲಿಂಡರ್ ಜೋಡಿಸಿ, ಕೆಂಪು ಗಿಡ ಬೆಳೆಸಿ, ನೆಲಕ್ಕೆ ಹುಲ್ಲುಹಾಸು ಮಾಡುವವರಿಗೆ ದುಬಾರಿ ಲೈಟು ಬೇಕು, ಒಪ್ಪುತ್ತೇನೆ. ವ್ಯಾಲಿಸ್ನೇರಿಯಾ, ಜಾವಾ ಫರ್ನ್, ಅನೂಬಿಯಾಸ್, ಕ್ರಿಪ್ಟೋಕೊರಿನ್ ಇಡುವ ನಮಗೆ ಬೇಡ. ಮೊದಲು ಗಿಡ ಆರಿಸಿ, ಆಮೇಲೆ ಲೈಟು.

ಆರರಿಂದ ಎಂಟು ಗಂಟೆ ಬೆಳಕು ಸಾಕು. ಲೈಟಿನ ದುಡ್ಡಿನಲ್ಲಿ ಉಳಿದದ್ದರಲ್ಲಿ ಪ್ಲಗ್ಗಿಗೆ ಹಾಕುವ ಒಂದು ಟೈಮರ್ ಕೊಳ್ಳಿ. ನಮ್ಮ ಮನೆಯಲ್ಲಿ ನೆಂಟರು ಎದ್ದು ಹೋಗುವವರೆಗೂ ಅಮ್ಮಿ ತೊಟ್ಟಿಯ ಲೈಟು ಆರಿಸಲು ಬಿಡುತ್ತಿರಲಿಲ್ಲ. ರಂಜಾನಿನಲ್ಲಂತೂ ಸೆಹರಿಗೆ ಎದ್ದವರು ಮೊದಲು ಹಾಕುತ್ತಿದ್ದ ಸ್ವಿಚ್ಚೇ ಅದು. "ಮಛ್ಲ್ಯಾಂಕೂ ಬೀ ಸೋನಾ ಹೈ ನಾ" ಎಂದು ದಾದಿ ಗೊಣಗುತ್ತಿದ್ದರು. ಮೀನಿಗೂ ನಿದ್ದೆ ಬೇಕು ಎಂಬ ಅವರ ಮಾತು ಸರಿಯೇ. ಮೀನಿಗೆ ರೆಪ್ಪೆ ಇಲ್ಲ, ಆದರೂ ಕತ್ತಲಲ್ಲಿ ಅದು ವಿಶ್ರಾಂತಿ ಪಡೆಯುತ್ತದೆ. ಈಗ ಮಧ್ಯಾಹ್ನ ಮೂರಕ್ಕೆ ಹತ್ತಿಕೊಂಡು ರಾತ್ರಿ ಹತ್ತಕ್ಕೆ ತಾನೇ ಆರುತ್ತದೆ, ಯಾರ ಜೊತೆಗೂ ಜಗಳವಿಲ್ಲ. ಏಳು ಗಂಟೆಗೆ 10 ವಾಟ್ ಎಂದರೆ ತಿಂಗಳಿಗೆ ಸುಮಾರು ಎರಡು ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು ನಮ್ಮ ಹಿಂದಿನ ಸರಾಸರಿಯ ಮೇಲೆ ಸ್ವಲ್ಪವೇ ಹೆಚ್ಚು ಎಂಬುದು ನೆನಪಿರಲಿ, ಆ ಎರಡು ಯೂನಿಟ್ಟಿಗೂ ಲೆಕ್ಕ ಇದೆ.

ಇನ್ನೂ ಅಗ್ಗದ ದಾರಿ ಕುಣಿಗಲ್‌ನಲ್ಲಿ ನಮ್ಮ ಖಾಲಾ ಮನೆಯಲ್ಲಿದೆ: ತೆಂಗಿನ ಮರದ ಕೆಳಗೆ ಸಿಮೆಂಟ್ ತೊಟ್ಟಿ, ಅದರಲ್ಲಿ ಗಪ್ಪಿ, ಹೈಡ್ರಿಲ್ಲಾ. ಗರಿಗಳ ನಡುವೆ ಸೋಸಿ ಬರುವ ಬಿಸಿಲೇ ಲೈಟು. ಮನೆಯೊಳಗಿನ ಗಾಜಿನ ತೊಟ್ಟಿಯನ್ನು ಮಾತ್ರ ಕಿಟಕಿಯ ನೇರ ಬಿಸಿಲಿಗೆ ಇಡಬೇಡಿ. ನೀರು ಬಿಸಿಯಾಗುತ್ತದೆ, ಪಾಚಿ ಬಿಡುವುದಿಲ್ಲ.

ದುಬಾರಿ ಲೈಟಿನ ಪರವಾಗಿ ಒಂದು ಮಾತು ಹೇಳಲೇಬೇಕು. ಒಳ್ಳೆಯ ಅಕ್ವೇರಿಯಂ ಲೈಟಿನೊಳಗೆ ನೀರು ಹೋಗುವುದಿಲ್ಲ. ಮನೆಯ ಎಲ್‌ಇಡಿ ಪಟ್ಟಿಗೆ ಆ ರಕ್ಷಣೆ ಇಲ್ಲ, ಅದು ನೀರಿಗೆ ಬಿದ್ದರೆ ಜೀವಕ್ಕೇ ಅಪಾಯ. ಆದ್ದರಿಂದ ಗಾಜಿನ ಅಂಗಡಿಯಲ್ಲಿ 5 ಮಿ.ಮೀ. ಗಾಜು ಕತ್ತರಿಸಿ ತೊಟ್ಟಿಯ ಮೇಲೆ ಮುಚ್ಚಲೇಬೇಕು, ಲೈಟನ್ನು ಅದಕ್ಕಿಂತ ಮೇಲೆ, ಗೋಡೆಗೋ ಮರದ ಚೌಕಟ್ಟಿಗೋ ಸ್ಕ್ರೂ ಹಾಕಿ ಬಿಗಿಯಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವಂತಿರಲಿ. ಹನಿ ನೀರು ಜಾರಿದರೆ ಕೆಳಗೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಇಷ್ಟು ಮಾಡಲು ಮನಸ್ಸಿಲ್ಲದವರು 1,200 ಕೊಟ್ಟೇ ಕೊಳ್ಳಲಿ.

ಈಗ ನಮ್ಮ ಕಾಲೇಜಿನ ಮಾತು. ಆಫೀಸಿನ ಮುಂದಿನ ಮೂರಡಿ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಗಿಡ, ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಉರಿಯುವ ನೀಲಿ ಲೈಟು. ಅದರಲ್ಲಿ ಸುಮಾರು 100 ಲೀಟರ್ ನೀರಿದೆ. ಎರಡಡಿಯ ಎರಡು ಪಟ್ಟಿ 400, ಟೈಮರ್ 400, ಗಾಜಿನ ಮುಚ್ಚಳ 300, ಒಟ್ಟು 1,100 ರೂಪಾಯಿ. ಗಿಡ ನಮ್ಮ ಮನೆಯಿಂದ ನಾನು ತರುತ್ತೇನೆ. ವೈರಿಂಗ್ ಮಾತ್ರ ಕಾಲೇಜಿನ ಎಲೆಕ್ಟ್ರಿಷಿಯನ್ ಅಣ್ಣನೇ ಮಾಡಬೇಕು. ಪ್ರಾಂಶುಪಾಲರು ಅನುಮತಿ ಕೊಟ್ಟರೆ ನಮ್ಮ ವಿಭಾಗದವರು ತಲೆಗೆ ಇಪ್ಪತ್ತು ರೂಪಾಯಿಯಂತೆ ಸೇರಿಸಲು ಸಿದ್ಧರಿದ್ದೇವೆ. ವಾರಕ್ಕೊಮ್ಮೆ ಮುಚ್ಚಳ ಒರೆಸಿ ನೀರು ಬದಲಿಸುವ ಕೆಲಸಕ್ಕೆ, ಗುಬ್ಬಿ ಕಡೆಯಿಂದ ಬೆಳಗಿನ ರೈಲಿಗೆ ಬಂದು ಗೇಟು ತೆರೆಯುವ ಮೊದಲೇ ನಿಂತಿರುವ ಇಬ್ಬರು ಈಗಾಗಲೇ ಒಪ್ಪಿದ್ದಾರೆ.