ಮೊದಲು ಪ್ರೋಬ್ ನೋಡೋಣ

ಕಳೆದ ತಿಂಗಳು ಎಲೆಕ್ಟ್ರಾನಿಕ್ಸ್ ಪ್ರಾಕ್ಟಿಕಲ್‌ನಲ್ಲಿ ನಾನೂ ನನ್ನ ಗೆಳೆಯನೂ 555 ಐಸಿಯಿಂದ ಮಲ್ಟಿವೈಬ್ರೇಟರ್ ಕಟ್ಟಿದೆವು. ಆಸಿಲೋಸ್ಕೋಪಿನಲ್ಲಿ ಚೌಕ ತರಂಗ ಬರಬೇಕಿತ್ತು. ಬಂದದ್ದರ ಮೂಲೆಗಳು ಸವೆದ ಸೋಪಿನಂತೆ ದುಂಡಗಿದ್ದವು. ಎರಡು ಸಲ ಐಸಿ ಬದಲಿಸಿದರೂ ಅಷ್ಟೇ. ಬಂಗಾರಪೇಟೆ ರೈಲಿಗೆ ಹೊತ್ತಾಗುತ್ತಿತ್ತು. ಪುಸ್ತಕದ ಚಿತ್ರವನ್ನೇ ರೆಕಾರ್ಡಿಗೆ ಇಳಿಸಿದೆವು. ಸಹಿಯೂ ಬಿತ್ತು.

ಮುಂದಿನ ವಾರ ಲ್ಯಾಬ್ ಅಟೆಂಡರ್ ಕೇಳಿದರು: "ಐಸಿ ಬಿಡಪ್ಪ, ಪ್ರೋಬ್ ನೋಡಿದ್ರಾ?" ಪ್ರೋಬಿನ ತುದಿಯನ್ನು ಸ್ಕೋಪಿನ ಮುಂದಿರುವ ಕೊಕ್ಕೆಗೆ ಸಿಕ್ಕಿಸಿದರು. ಅಲ್ಲಿ ಸ್ಕೋಪ್ ತಾನೇ 1 ಕಿಲೋಹರ್ಟ್ಸ್ ಚೌಕ ತರಂಗ ಕೊಡುತ್ತದೆ. ಅದೂ ದುಂಡಗೇ ಕಂಡಿತು! ನಮ್ಮ ಸರ್ಕ್ಯೂಟಿನಲ್ಲಿ ತಪ್ಪೇ ಇರಲಿಲ್ಲ.

ಟೆನ್-ಎಕ್ಸ್ ಪ್ರೋಬಿನೊಳಗೆ 9 ಮೆಗಾಓಮ್, ಸ್ಕೋಪಿನೊಳಗೆ 1 ಮೆಗಾಓಮ್ ರೆಸಿಸ್ಟೆನ್ಸ್ ಇರುತ್ತದೆ. ಹಾಗಾಗಿ ಸ್ಕೋಪಿಗೆ ಹತ್ತನೇ ಒಂದು ಪಾಲು ವೋಲ್ಟೇಜ್ ಮಾತ್ರ ತಲುಪುತ್ತದೆ. ಕೇಬಲ್ಲಿಗೂ ಸ್ಕೋಪಿಗೂ ಸ್ವಲ್ಪ ಕೆಪಾಸಿಟೆನ್ಸ್ ಇರುವುದರಿಂದ, ಪ್ರೋಬಿನ ಪುಟ್ಟ ಟ್ರಿಮ್ಮರನ್ನು ತಿರುಗಿಸಿ ಅದಕ್ಕೆ ಹೊಂದಿಸಬೇಕು. ಹೊಂದಿಕೆ ಕಡಿಮೆಯಾದರೆ ಮೂಲೆ ದುಂಡಗಾಗುತ್ತದೆ, ಹೆಚ್ಚಾದರೆ ಕೊಂಬು ಏಳುತ್ತದೆ. ಬ್ಯಾಟರಿಯ ವೋಲ್ಟೇಜ್ ಮಾತ್ರ ಸರಿಯಾಗಿಯೇ ಕಾಣುವುದರಿಂದ ದೋಷ ಅಡಗಿರುತ್ತದೆ. ಆಂಪ್ಲಿಫೈಯರಿನ ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫಿಗೂ ಅದು ನುಸುಳಬಹುದು.

ಒಂದು ಸ್ಕೋಪಿಗೆ ಹೊಂದಿಸಿದ ಪ್ರೋಬ್ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ನಮ್ಮಲ್ಲಿ ಪ್ರೋಬುಗಳು ಮೇಜಿನಿಂದ ಮೇಜಿಗೆ ಅಲೆಯುತ್ತವೆ. ಆದ್ದರಿಂದ ನನ್ನ ಕೋರಿಕೆ ಮೂರು: ಪ್ರತಿ ಪ್ರೋಬಿಗೆ ಅದರ ಸ್ಕೋಪಿನ ನಂಬರ್ ಅಂಟಿಸೋಣ. ಪ್ರಾಕ್ಟಿಕಲ್ಲಿನ ಮೊದಲ ಎರಡು ನಿಮಿಷ ಪ್ರೋಬ್ ಹೊಂದಿಸಲು ಕೊಡೋಣ. ಕಂಡದ್ದನ್ನೇ ಬರೆದು, ತಪ್ಪಿನ ಕಾರಣ ಹೇಳಿದ ವಿದ್ಯಾರ್ಥಿಯ ಅಂಕ ಕಡಿಯದಿರಿ.

ಪರೀಕ್ಷೆಯಲ್ಲಿ ಕೇಳದ ವಿಷಯಕ್ಕೆ ಸಮಯವೆಲ್ಲಿ ಎನ್ನಬಹುದು. ಎರಡು ಐಸಿ ಬದಲಿಸಿದ ಸಮಯದಲ್ಲಿ ಹತ್ತು ಪ್ರೋಬ್ ಹೊಂದಿಸಬಹುದಿತ್ತು.

ನಮ್ಮೂರಿನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು. ತಿಂಗಳುಗಟ್ಟಲೆ ಕಾದರೆ ಸಿಗುವುದು ಬೆರಳೆಣಿಕೆಯ ಸುಳಿವು. ಉಪಕರಣವನ್ನೇ ನಂಬಲಾಗದಿದ್ದರೆ ಅದನ್ನು ಯಾರು ಒಪ್ಪುತ್ತಿದ್ದರು?

ಕುರ್‌ಆನಿನ 83ನೇ ಸೂರಾ ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುತ್ತದೆ. ಅದು ವ್ಯಾಪಾರಿಗಳಿಗೆ ಹೇಳಿದ್ದು ಎಂದುಕೊಂಡಿದ್ದೆ. ಪ್ರೋಬ್ ಕೆಟ್ಟಿದ್ದು ನನ್ನ ತಪ್ಪಲ್ಲ. ಕಾಣದ ತರಂಗವನ್ನು ಕಂಡೆನೆಂದು ಬರೆದದ್ದು ನನ್ನದೇ. ಆ ಪುಟಕ್ಕೆ ಅಡ್ಡಗೀಟು ಎಳೆದು, ಪ್ರಯೋಗವನ್ನು ಮತ್ತೆ ಮಾಡಿ ಬರೆದಿದ್ದೇನೆ. ಇನ್ನೊಂದು ಸಹಿ ಬೇಕು, ಸರ್.